ಎಫ್‌ಎಫ್, ಎಫ್‌ಎಫ್, ಎಫ್‌ಎಫ್... ಮತ್ತು ಒಂದು ಚಲನ್

ಮೊನ್ನೆ ಶನಿವಾರ ಪೀಣ್ಯಕ್ಕೆ ಹೋಗಿ ಒಬ್ಬರ ಹತ್ತಿರ ಸಾರಿ ಕೇಳಿ ಬಂದೆ. ಕೇಳಿದ್ದು ಎರಡೇ ನಿಮಿಷ. ಅದಕ್ಕೆ ಧೈರ್ಯ ಬರೋಕೆ ನಾಲ್ಕು ದಿನ ಬೇಕಾಯಿತು. ಯಾಕೆ ಏನು ಅಂತ ಹೇಳಬೇಕಾದರೆ ಸ್ವಲ್ಪ ಕರ್ನಲ್ ಪುರಾಣ ಹೇಳಲೇಬೇಕು. ಇಲ್ಲಿಗೆ ಬಂದು ಓದುವ ಗೆಳೆಯರಲ್ಲಿ ಅರ್ಧ ಜನ ನನ್ನ ಹಾಗೆ ಕೀಬೋರ್ಡ್ ಕುಟ್ಟಿ ಹೊಟ್ಟೆ ಹೊರೆಯುವವರೇ, ಅವರಿಗೆ ತೊಂದರೆಯಿಲ್ಲ. ಉಳಿದವರು ಮಧ್ಯದ ಕೆಲವು ಪ್ಯಾರಾ ಹಾರಿಸಿ ಓದಿದರೂ ನಾನೇನೂ ಬೇಜಾರು ಮಾಡಿಕೊಳ್ಳಲ್ಲ :)

ನಾನು ಈಗ ಇರೋದು ಹತ್ತು ಹನ್ನೆರಡು ಜನರ ಸಣ್ಣ ಕಂಪನಿಯಲ್ಲಿ. ಹಳ್ಳಿಗಳಲ್ಲಿ ಡೈರಿಗೆ ಬಂದ ಹಾಲನ್ನು ತಣ್ಣಗಿಡೋಕೆ ದೊಡ್ಡ ಸ್ಟೀಲ್ ಟ್ಯಾಂಕ್ ಇರುತ್ತಲ್ಲ, ಬಿಎಂಸಿ ಅಂತಾರೆ, ಅದರ ಉಷ್ಣತೆಯನ್ನು ದಿನವಿಡೀ ಬರೆದಿಡುವ ಒಂದು ಡಬ್ಬಿ ಮಾಡುತ್ತಿದ್ದೇವೆ. ಹಾಲನ್ನು 4 ಡಿಗ್ರಿಗೆ ಇಳಿಸಿ ಇಡಬೇಕು. ಕರೆಂಟ್ ಹೋಗಿ ಜನರೇಟರ್ ಹಾಕುವುದು ತಡವಾದರೆ ಹಾಲು ಕೆಡುತ್ತೆ, ಆಮೇಲೆ ತಪ್ಪು ಯಾರದ್ದು ಅಂತ ಜಗಳ. ನಮ್ಮ ಡಬ್ಬಿಯಲ್ಲಿ ನಿಮಿಷ ನಿಮಿಷದ ಲೆಕ್ಕ ಇರುತ್ತೆ. ಚನ್ನರಾಯಪಟ್ಟಣದ ಹತ್ತಿರದ ನಮ್ಮೂರಲ್ಲಿ ಅಮ್ಮ ಇವತ್ತಿಗೂ ಎರಡು ಹೊತ್ತು ಡೈರಿಗೆ ಹಾಲು ಹಾಕ್ತಾಳೆ. ನನ್ನ ಕೆಲಸ ಏನು ಅಂತ ಅವಳಿಗೆ ಅರ್ಥವಾಗಿದ್ದು ಈ ಡಬ್ಬಿಯಿಂದಲೇ. ಹಿಂದಿನ ಕಂಪನಿಯಲ್ಲಿ ಸೆಟ್‌ಟಾಪ್ ಬಾಕ್ಸ್ ಕೆಲಸ ಮಾಡ್ತಿದ್ದಾಗ "ನನ್ ಮಗ ಕೇಬಲ್ ಕೆಲ್ಸದಲ್ಲವ್ನೆ" ಅಂತ ಊರೆಲ್ಲಾ ಹೇಳಿದ್ದಳು!

ಡಬ್ಬಿಯೊಳಗೆ ಇರೋದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಎಂ335ಎಕ್ಸ್ ಪ್ರೊಸೆಸರ್. 2013ರಲ್ಲಿ ಬಂದ ಬೀಗಲ್‌ಬೋನ್ ಬ್ಲಾಕ್‌ನಲ್ಲಿ ಇದ್ದದ್ದೂ ಅದೇ, ಹಾಗಾಗಿ ಕಾಲೇಜ್ ಪ್ರಾಜೆಕ್ಟ್ ಕಾಲದಿಂದ ಪರಿಚಯ. ಲೆಕ್ಕ ಬರೆದಿಡೋಕೆ 16 ಎಂಬಿಯ ಒಂದು ಪುಟ್ಟ ಫ್ಲಾಶ್ ಚಿಪ್. ಎರಡರ ನಡುವೆ ಎಸ್‌ಪಿಐ ಬಸ್.

ಎಸ್‌ಪಿಐ ಅಂದರೆ ಭಾರಿ ಏನಲ್ಲ, ನಾಲ್ಕು ತಂತಿ. ಒಂದರಲ್ಲಿ ಪ್ರೊಸೆಸರ್ ತಾಳ ಹಾಕುತ್ತೆ, ಅದು ಕ್ಲಾಕ್. ಒಂದು 'ಏಯ್, ನಿನ್ನನ್ನೇ ಕರೆದಿದ್ದು' ಅಂತ ಚಿಪ್‌ನ ಭುಜ ತಟ್ಟುವ ಚಿಪ್ ಸೆಲೆಕ್ಟ್. ಇನ್ನೊಂದು ಪ್ರೊಸೆಸರ್ ಮಾತಾಡೋಕೆ, ಕೊನೆಯದು ಚಿಪ್ ಮಾತಾಡೋಕೆ. ಪ್ರತಿ ತಾಳಕ್ಕೆ ಎರಡೂ ಕಡೆಯಿಂದ ಒಂದೊಂದು ಬಿಟ್ ಜಾರುತ್ತೆ, ಅಷ್ಟೇ. ಮೊಟೊರೋಲಾದವರು 1980ರ ದಶಕದಲ್ಲಿ ಮಾಡಿದ್ದು, ಇವತ್ತಿಗೂ ಎಲ್ಲಾ ಬೋರ್ಡಲ್ಲೂ ಇದೆ. ಇದರ ಸೋದರ ಸಂಬಂಧಿ ಐ ಸ್ಕ್ವೇರ್ ಸಿ ಬಸ್ಸಿನಲ್ಲಿ ಒಂದು ಮರ್ಯಾದೆ ಇದೆ. ವಿಳಾಸ ಕೂಗಿದರೆ, ಆ ವಿಳಾಸದ ಚಿಪ್ 'ಹ್ಞೂಂ' ಅನ್ನಬೇಕು. ಅನ್ನದಿದ್ದರೆ ಮನೆಯಲ್ಲಿ ಯಾರೂ ಇಲ್ಲ ಅಂತ ಅರ್ಥ. ಎಸ್‌ಪಿಐನಲ್ಲಿ ಈ ಹ್ಞೂಂಕಾರ ಇಲ್ಲ. ಚಿಪ್ ಇರಲಿ, ಸತ್ತಿರಲಿ, ಬೋರ್ಡಿನ ಮೇಲೆ ಕೂರಿಸಿಯೇ ಇಲ್ಲದಿರಲಿ, ಪ್ರೊಸೆಸರ್ ಎಂಟು ತಾಳ ಹಾಕಿದರೆ ಎಂಟು ಬಿಟ್ ಬಂದೇ ಬರುತ್ತೆ. ತಂತಿ ಸುಮ್ಮನೆ ಮೇಲಕ್ಕೆ ಎಳೆದುಕೊಂಡಿದ್ದರೆ ಎಲ್ಲವೂ ಒಂದು, ಅಂದರೆ ಎಫ್‌ಎಫ್. ಕೆಳಗಿದ್ದರೆ ಸೊನ್ನೆ. 'ಇಲ್ಲ' ಅನ್ನೋ ಉತ್ತರ ಅದಕ್ಕೆ ಗೊತ್ತೇ ಇಲ್ಲ.

ಈ ಎಸ್‌ಪಿಐ ವ್ಯವಸ್ಥೆಯನ್ನು ಲಿನಕ್ಸ್ ಕರ್ನಲ್‌ಗೆ ತಂದವರು ಡೇವಿಡ್ ಬ್ರೌನೆಲ್, 2006ರಲ್ಲಿ ಬಂದ 2.6.16ರ ಹೊತ್ತಿಗೆ. 2011ರಲ್ಲಿ ತೀರಿಕೊಂಡರು. ಆ ಫೈಲಿನ ತಲೆಯಲ್ಲಿ ಈಗಲೂ ಅವರ ಹೆಸರೇ ಇದೆ. ಬಸ್ಸಿನಲ್ಲಿ ಯಾರ್ಯಾರಿದ್ದಾರೆ ಅಂತ ಹುಡುಕಿ ತಿಳಿಯೋಕೆ ಆಗಲ್ಲ ಅಂತ ಗೊತ್ತಿದ್ದೇ, ಯಾವ ಚಿಪ್ ಎಲ್ಲಿದೆ ಅಂತ ನಾವೇ ಮೊದಲು ಕರ್ನಲ್‌ಗೆ ಹೇಳಬೇಕು ಅನ್ನೋ ಕ್ರಮ ಇಟ್ಟಿದ್ದಾರೆ. ನಾವು ಸುಳ್ಳು ಹೇಳಿದರೆ ಅದು ನಂಬುತ್ತೆ, ಪಾಪ.

ಸರಿ, ವಿಷಯಕ್ಕೆ ಬರ್ತೀನಿ. ಪೀಣ್ಯದ ಒಂದು ಸಣ್ಣ ಅಸೆಂಬ್ಲಿ ಯೂನಿಟ್‌ನಿಂದ ಹತ್ತು ಬೋರ್ಡ್ ಬಂದವು. ಬೋರ್ಡ್ ಬೇಗ ಬೂಟ್ ಆಗಬೇಕು ಅಂತ ಬಾಸ್ ಆಜ್ಞೆ, ಹಾಗಾಗಿ ಬೇಡದ್ದೆಲ್ಲ ಕಿತ್ತುಹಾಕಿ ಕರ್ನಲ್ ಕಾನ್ಫಿಗರೇಶನ್ ಅನ್ನು ಬೋಳು ತಲೆಯಿಂದ ಶುರು ಮಾಡಿದ್ದೆ. 5.10ರ ಸಾಲಿನ ಕರ್ನಲ್. ಮೇಕ್ ಮೆನುಕಾನ್ಫಿಗ್ ಕೊಟ್ಟರೆ ಬರುವ ಆ ನೀಲಿ ಪರದೆ ನೋಡಿದರೆ ನನಗೆ ಈಗಲೂ ಹಳೇ ಸೈಬರ್ ಕೆಫೆ ನೆನಪಾಗುತ್ತೆ. ಡಿವೈಸ್ ಡ್ರೈವರ್ಸ್ ಒಳಗೆ ಹೋಗಿ ಎಸ್‌ಪಿಐ ಸಪೋರ್ಟ್‌ಗೆ 'ವೈ' ಒತ್ತಿದೆ. ಒಳಗೆ ಕಂಟ್ರೋಲರ್‌ಗಳ ಸಂತೆ. ಇಡೀ ಪಟ್ಟಿಯಲ್ಲಿ ಎಎಂ335ಎಕ್ಸ್ ಹುಡುಕಿದೆ. ಇಲ್ಲ! ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ, ಎಲ್ಲೂ ಇಲ್ಲ.

ಅದು ಇರೋದು 'ಮ್ಯಾಕ್‌ಎಸ್‌ಪಿಐ ಡ್ರೈವರ್ ಫಾರ್ ಒಮ್ಯಾಪ್' ಅನ್ನೋ ಹೆಸರಲ್ಲಿ. ಕಾನ್ಫಿಗ್ ಹೆಸರು ಒಮ್ಯಾಪ್24ಎಕ್ಸ್‌ಎಕ್ಸ್. ನೋಕಿಯಾ ಎನ್95 ಫೋನಿನಲ್ಲಿ ಇದ್ದ ಚಿಪ್ ನೆನಪಿದೆಯಾ? ಅದು ಒಮ್ಯಾಪ್ 2420. ಆ ವಂಶದ ಎಸ್‌ಪಿಐ ಕಂಟ್ರೋಲರ್ರೇ ವರ್ಷಗಟ್ಟಲೆ ಆದ ಮೇಲೆ ಎಎಂ335ಎಕ್ಸ್‌ಗೂ ಬಂತು, ಡ್ರೈವರ್‌ಗೆ ಮಾತ್ರ ಹಳೇ ಹೆಸರೇ ಉಳೀತು. ಫೈಲ್ ತೆಗೆದರೆ ಮೊದಲಿಗೇ ನೋಕಿಯಾದ ಕಾಪಿರೈಟ್ ಸಾಲು. ಊರಲ್ಲಿ ಮೊಮ್ಮಗನಿಗೆ ಐವತ್ತಾದರೂ 'ಶಾನುಭೋಗರ ಮನೆ' ಅಂತಲೇ ಕರೆಯೋ ಹಾಗೆ. ಹೊಸಬರಿಗೆ ಒಂದು ಮಾತು: ಮೆನುವಿನಲ್ಲಿ ನಿಮ್ಮ ಚಿಪ್ಪಿನ ಹೆಸರು ಹುಡುಕಬೇಡಿ. ಪ್ರೊಸೆಸರ್‌ನ ಡಿವೈಸ್ ಟ್ರೀ ಫೈಲಿನಲ್ಲಿ ಎಸ್‌ಪಿಐ ನೋಡ್‌ನ 'ಕಂಪ್ಯಾಟಿಬಲ್' ಪದ ನೋಡಿ, ಆ ಪದ ಯಾವ ಡ್ರೈವರ್ ಫೈಲಲ್ಲಿದೆ ಅಂತ ಗ್ರೆಪ್ ಮಾಡಿ, ಆ ಫೈಲ್ ಮೇಕ್‌ಫೈಲ್‌ನಲ್ಲಿ ಯಾವ ಕಾನ್ಫಿಗ್‌ಗೆ ಕಟ್ಟಿದೆ ನೋಡಿ. ಐದು ನಿಮಿಷದ ಕೆಲಸ. ನಾನು ಅರ್ಧ ದಿನ ಕಳೆದೆ, ಅದು ಬೇರೆ ಮಾತು.

ಮುಂದೆ ಫ್ಲಾಶ್ ಚಿಪ್‌ನ ಡ್ರೈವರ್, ಅಂದರೆ ಎಸ್‌ಪಿಐ ನಾರ್. ಇಲ್ಲಿ ಸೋಮಾರಿತನ ಮಾಡಿದೆ. ಮೆನು ಯಾಕೆ ಅಂತ ಡಾಟ್ ಕಾನ್ಫಿಗ್ ಫೈಲಿನ ಕೊನೆಗೆ ಆ ಒಂದು ಸಾಲನ್ನು ಕೈಯಲ್ಲೇ ಬರೆದೆ. ಬಿಲ್ಡ್ ಮಾಡಿದೆ, ಬೋರ್ಡಿಗೆ ಹಾಕಿದೆ, ಡ್ರೈವರ್ ಇಲ್ಲ. ಫೈಲ್ ತೆಗೆದು ನೋಡಿದರೆ ನಾನು ಬರೆದ ಸಾಲೇ ಮಾಯ! ವಿಷಯ ಏನಪ್ಪಾ ಅಂದ್ರೆ, ಎಸ್‌ಪಿಐ ನಾರ್ ಬೇಕಾದರೆ ಅದರ ಮೇಲಿನ ಎಂಟಿಡಿ ಮೊದಲು ಆನ್ ಆಗಿರಬೇಕು. ನನ್ನ ಬೋಳು ಕಾನ್ಫಿಗ್‌ನಲ್ಲಿ ಎಂಟಿಡಿ ಇರಲಿಲ್ಲ. ಅವಲಂಬನೆ ಪೂರೈಸದ ಸಾಲನ್ನು ಕರ್ನಲ್ ಬಿಲ್ಡ್ ಸದ್ದಿಲ್ಲದೆ ಕಸದ ಬುಟ್ಟಿಗೆ ಹಾಕುತ್ತೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಮೆನುವಿನಲ್ಲೂ ಅಷ್ಟೆ, ಅವಲಂಬನೆ ಇಲ್ಲದಿದ್ದರೆ ಆ ಆಯ್ಕೆ ಕಣ್ಣಿಗೇ ಬೀಳಲ್ಲ. ಮೆನುವಿನಲ್ಲಿ ಓರೆಗೆರೆ ಒತ್ತಿ ಹೆಸರು ಹುಡುಕಿದರೆ ಮಾತ್ರ ಯಾವುದರ ಮೇಲೆ ನಿಂತಿದೆ ಅಂತ ಹೇಳುತ್ತೆ. ಇಷ್ಟು ವರ್ಷ ಕರ್ನಲ್ ಮುಟ್ಟಿದವನಿಗೆ ಇದು ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ, ಹಾಗಂತ ಮಾಡದೆ ಇರ್ತೀವಾ :(

ಆಮೇಲೆ ಡಿವೈಸ್ ಟ್ರೀ. ಎಎಂ335ಎಕ್ಸ್‌ನಲ್ಲಿ ಎರಡು ಎಸ್‌ಪಿಐ ಕಂಟ್ರೋಲರ್, ಎರಡನ್ನೂ ಮೂಲ ಫೈಲಿನಲ್ಲಿ 'ಡಿಸೇಬಲ್ಡ್' ಅಂತ ಮಲಗಿಸಿಟ್ಟಿರುತ್ತಾರೆ. ನಮ್ಮ ಬೋರ್ಡಿನ ಫೈಲಿನಲ್ಲಿ ಎಬ್ಬಿಸಬೇಕು, ಪಿನ್‌ಗಳನ್ನು ಎಸ್‌ಪಿಐ ಕೆಲಸಕ್ಕೆ ತಿರುಗಿಸಬೇಕು. ಕ್ಲಾಕ್ ಹೊರಗೆ ಹೋಗುವ ಪಿನ್ ಆದರೂ ಅದನ್ನು ಇನ್‌ಪುಟ್ ಕೂಡ ಮಾಡಿರಬೇಕು, ಇಲ್ಲದಿದ್ದರೆ ಈ ಚಿಪ್‌ನಲ್ಲಿ ಓದೋಕಾಗಲ್ಲ. ಅದನ್ನೆಲ್ಲ ಸರಿಯಾಗೇ ಮಾಡಿದ್ದೆ. ಬೂಟ್ ಮಾಡಿದೆ. ಸಿಸ್‌ಎಫ್‌ಎಸ್‌ನಲ್ಲಿ ಎಸ್‌ಪಿಐ0.0 ಅಂತ ಚಿಪ್ ಕಾಣಿಸ್ತು. ಒಂದು ಕ್ಷಣ ಖುಷಿ. ಆಮೇಲೆ ಲಾಗ್ ನೋಡಿದರೆ, ಐಡಿ ಗುರುತು ಸಿಗಲಿಲ್ಲ, ಬಂದ ಬೈಟ್‌ಗಳು ಎಫ್‌ಎಫ್, ಎಫ್‌ಎಫ್, ಎಫ್‌ಎಫ್.

ಫ್ಲಾಶ್‌ಗೆ 9ಎಫ್ ಅಂತ ಕಳಿಸಿದರೆ ಅದು ಮೂರು ಬೈಟಲ್ಲಿ ತನ್ನ ಕುಲಗೋತ್ರ ಹೇಳಬೇಕು. ನಮ್ಮದು ವಿನ್‌ಬಾಂಡ್ ಚಿಪ್, ಇಎಫ್, 40, 18 ಬರಬೇಕಿತ್ತು. ಎಸ್‌ಪಿಐ0.0 ಅಂತ ಹೆಸರು ಕಾಣಿಸಿದ್ದಕ್ಕೆ ಬೆಲೆಯೇ ಇಲ್ಲ, ಅದು ನಾನೇ ಡಿವೈಸ್ ಟ್ರೀಯಲ್ಲಿ ಬರೆದ ಹೆಸರು. ಸತ್ತವರ ಹೆಸರೂ ವೋಟರ್ ಲಿಸ್ಟಿನಲ್ಲಿ ಇರೋ ಹಾಗೆ.

ಈಗ ಯಾವುದೇ ಇಂಜಿನಿಯರ್ ಮಾಡೋದನ್ನೇ ಮಾಡಿದೆ. ಫ್ಲಾಶ್ ಕೂರಿಸದ ಒಂದು ಖಾಲಿ ಬೋರ್ಡ್ ಇತ್ತು. ಅದರಲ್ಲಿ ಎರಡೂ ಡೇಟಾ ತಂತಿಗಳನ್ನು ಒಂದು ತುಂಡು ವೈರಿನಿಂದ ಸೇರಿಸಿ, ಸ್ಪಿಡೆವ್ ಹಾಕಿ, ಕಳಿಸಿದ್ದೇ ವಾಪಸ್ ಬರುತ್ತಾ ನೋಡಿದೆ. (ಸ್ಪಿಡೆವ್ ಅನ್ನು ನೇರ ಡಿವೈಸ್ ಟ್ರೀಯಲ್ಲಿ ಬರೆದರೆ 5.10 ಕರ್ನಲ್ ಚೆನ್ನಾಗಿ ಬೈಯುತ್ತೆ, ಆದರೂ ಕೆಲಸ ಮಾಡುತ್ತೆ. ಹೊಸ ಕರ್ನಲ್‌ಗಳು ಒಪ್ಪೋದೇ ಇಲ್ಲ.) ಕಳಿಸಿದ್ದೆಲ್ಲಾ ಅಚ್ಚುಕಟ್ಟಾಗಿ ವಾಪಸ್ ಬಂತು. ಅಂದ್ಮೇಲೆ ಕಂಟ್ರೋಲರ್ ಸರಿ, ಡ್ರೈವರ್ ಸರಿ, ಪಿನ್ ಸರಿ, ನಾನು ಸರಿ. ತಪ್ಪಿರೋದು ಚಿಪ್ಪಿನ ಸೋಲ್ಡರಿಂಗ್‌ನಲ್ಲಿ!

ಬೋರ್ಡ್ ಎತ್ತಿಕೊಂಡು ಪೀಣ್ಯಕ್ಕೆ ಹೋದೆ. ಅಲ್ಲಿ ನಮ್ಮ ಬೋರ್ಡ್‌ಗಳನ್ನು ನೋಡಿಕೊಳ್ಳೋದು ಒಬ್ಬ ಅಕ್ಕ. ಐವತ್ತರ ಹತ್ತಿರ ವಯಸ್ಸು, ಇಪ್ಪತ್ತು ವರ್ಷದಿಂದ ಇದೇ ಕೆಲಸ, ಮೈಕ್ರೋಸ್ಕೋಪ್ ಕೆಳಗೆ ಕೈ ನಡುಗೋದನ್ನ ನಾನು ನೋಡಿಲ್ಲ. ಯೂನಿಟ್ಟಿನ ಯಜಮಾನರ ಎದುರಿಗೇ ಹೇಳಿದೆ, "ಫ್ಲಾಶ್ ಡ್ರೈ ಸೋಲ್ಡರ್ ಆಗಿದೆ, ಒಂದು ಬೋರ್ಡೂ ಓದ್ತಾ ಇಲ್ಲ" ಅಂತ. ಅಕ್ಕ ಬೋರ್ಡ್ ತಗೊಂಡು ಮೈಕ್ರೋಸ್ಕೋಪಿಗೆ ಇಟ್ಟರು. ಮಲ್ಟಿಮೀಟರ್ ಹಚ್ಚಿದರು.

"ಸರ್, ನಾಲ್ಕೂ ಲೈನ್ ಬೀಪ್ ಬರ್ತಾ ಇದೆ. ಡ್ರೈ ಇಲ್ಲ ಸರ್."

"ಇರ್ಲಿ ಅಕ್ಕ, ಚಿಪ್ ತೆಗೆದು ಇನ್ನೊಂದ್ಸಲ ಕೂರಿಸಿ. ಸಾಫ್ಟ್‌ವೇರ್ ನಾನು ಚೆಕ್ ಮಾಡಿದೀನಿ."

ಈ ಕೊನೆಯ ವಾಕ್ಯ ಹೇಳುವಾಗ ನನ್ನ ದನಿ ಹೇಗಿತ್ತು ಅಂತ ನೆನೆಸಿಕೊಂಡರೆ ಈಗಲೂ ಕಸಿವಿಸಿ ಆಗುತ್ತೆ.

ಮೂರು ಬೋರ್ಡಿನ ಚಿಪ್ ತೆಗೆದು ಹೊಸದು ಕೂರಿಸಿದರು. ಮೂರರಲ್ಲೂ ಅದೇ ಎಫ್‌ಎಫ್. ಮೂರನೆಯದನ್ನು ನಾನು ಮತ್ತೆ ತೆಗೆಸಿದೆ. ಒಂದೇ ಜಾಗಕ್ಕೆ ಪದೇ ಪದೇ ಹಾಟ್ ಏರ್ ಬಿದ್ದು ಒಂದು ಪ್ಯಾಡ್ ಕಿತ್ತುಬಂತು. ಯಜಮಾನರು ಎಲ್ಲರೆದುರಿಗೆ ಏನೋ ಅಂದರು, ನಾನು ಮೊಬೈಲ್ ನೋಡ್ತಾ ನಿಂತಿದ್ದೆ. ಹೊರಡುವಾಗ ಅಕ್ಕ ಒಂದು ಹಾಳೆ ಕೊಟ್ಟರು. ಡೆಲಿವರಿ ಚಲನ್, ಹಿಂಬದಿಯಲ್ಲಿ ಕನ್ನಡದಲ್ಲಿ ಏನೇನೋ ಬರೆದಿತ್ತು. "ಎಲ್ಲಾ ಬೋರ್ಡೂ ಚೆಕ್ ಮಾಡಿ ಬರ್ದಿದೀನಿ ಸರ್, ಒಂದ್ಸಲ ನೋಡಿ" ಅಂದರು. ಮಡಿಸಿ ಬ್ಯಾಗಿಗೆ ಹಾಕಿಕೊಂಡೆ. ನೋಡಲಿಲ್ಲ.

ಎರಡು ದಿನದ ಮೇಲೆ, ಸೋಮವಾರ ರಾತ್ರಿ, ಬೇರೇನೂ ತೋಚದೆ ಆ ಹಾಳೆ ಬಿಡಿಸಿದೆ. ಪ್ರತಿ ಬೋರ್ಡಿಗೂ ನಾಲ್ಕು ನಾಲ್ಕು ಸಾಲು, ದುಂಡಗಿನ ಅಕ್ಷರ. ಸಿಎಸ್ - ಕಾಲು 1 - ಬೀಪ್. ಕ್ಲಾಕ್ - ಕಾಲು 6 - ಬೀಪ್. ಡಿ0 - ಕಾಲು 5 - ಬೀಪ್. ಡಿ1 - ಕಾಲು 2 - ಬೀಪ್.

ಡಿ0, ಕಾಲು 5?

ಆ ಫ್ಲಾಶ್ ಚಿಪ್‌ನ 5ನೇ ಕಾಲು ಅದರ ಕಿವಿ, ಅಂದರೆ ಡೇಟಾ ಒಳಗೆ ಹೋಗೋದು. 2ನೇ ಕಾಲು ಬಾಯಿ. ಎಎಂ335ಎಕ್ಸ್‌ನ ಕಂಟ್ರೋಲರ್‌ನಲ್ಲಿ ಎರಡು ಡೇಟಾ ಪಿನ್‌ಗಳಿಗೆ ಡಿ0, ಡಿ1 ಅಂತಷ್ಟೇ ಹೆಸರು, ಯಾವುದು ಹೇಳೋದು ಯಾವುದು ಕೇಳೋದು ಅಂತ ನಾವು ಆರಿಸಿಕೊಳ್ಳಬಹುದು. ನಾವು ಏನೂ ಹೇಳದಿದ್ದರೆ ಡ್ರೈವರ್ ಡಿ0 ಅನ್ನು ಇನ್‌ಪುಟ್, ಡಿ1 ಅನ್ನು ಔಟ್‌ಪುಟ್ ಮಾಡುತ್ತೆ. ನಮ್ಮ ಹಾರ್ಡ್‌ವೇರ್ ಹುಡುಗ ತಂತಿಗಳು ಒಂದಕ್ಕೊಂದು ದಾಟದೆ ನೇರ ಹೋಗಲಿ ಅಂತ ಉಲ್ಟಾ ಹಾಕಿದ್ದ. ಅದು ತಪ್ಪಲ್ಲ, ಚಿಪ್ ಅದಕ್ಕೆ ಅವಕಾಶ ಕೊಡುತ್ತೆ. ಸ್ಕೀಮ್ಯಾಟಿಕ್‌ನ ಮೂಲೆಯಲ್ಲಿ ಬರೆದೂ ಇದ್ದ. ಡಿವೈಸ್ ಟ್ರೀಯಲ್ಲಿ 'ಪಿನ್‌ಡಿರ್ ಡಿ0 ಔಟ್ ಡಿ1 ಇನ್' ಅನ್ನೋ ಒಂದೇ ಒಂದು ಸಾಲು ಸೇರಿಸಬೇಕಿತ್ತು, ಅದು ನನ್ನ ಕೆಲಸ. ಇಷ್ಟು ದಿನ ನಾನು ಚಿಪ್‌ನ ಬಾಯಿಗೆ ಪ್ರಶ್ನೆ ಕೂಗಿ, ಕಿವಿಯ ಹತ್ತಿರ ಉತ್ತರಕ್ಕೆ ಕಾಯ್ತಾ ಇದ್ದೆ!

ಹಾಗಾದರೆ ಆ ಲೂಪ್‌ಬ್ಯಾಕ್ ಟೆಸ್ಟ್ ಪಾಸಾಗಿದ್ದು ಹೇಗೆ? ಎರಡು ತಂತಿ ಸೇರಿಸಿದ ಮೇಲೆ ಯಾವುದು ಎಡ ಯಾವುದು ಬಲ? ಯಾವ ದಿಕ್ಕಲ್ಲಿದ್ದರೂ ಪಾಸೇ. ನನ್ನ ಪ್ರಶ್ನೆಗೆ ಉತ್ತರ ಕೊಡೋಕೆ ಸಾಧ್ಯವೇ ಇಲ್ಲದ ಟೆಸ್ಟ್ ಮಾಡಿ, ಅದರ ಬಲದ ಮೇಲೆ ಇನ್ನೊಬ್ಬರ ಕೈಗೆ ತಪ್ಪು ಹೊರಿಸಿದ್ದೆ. ಆ ಸಾಲು ಸೇರಿಸಿ ಬೂಟ್ ಮಾಡಿದೆ. 16384 ಕೆಬಿ ಅಂತ ಫ್ಲಾಶ್ ಮಾತಾಡ್ತು. ಮೊದಲ ಸಲಕ್ಕೇ. ರಾತ್ರಿ ಹನ್ನೊಂದೂವರೆ. ಖುಷಿಯಾಗಬೇಕಿತ್ತು.

ಮಾರನೇ ದಿನ ಬೆಳಿಗ್ಗೆ ಯೂನಿಟ್‌ಗೆ ಫೋನ್ ಮಾಡಿದಾಗ ತಿಳೀತು, ಅಕ್ಕನನ್ನು ಸೋಲ್ಡರಿಂಗ್ ಬೆಂಚಿನಿಂದ ತೆಗೆದು ಪ್ಯಾಕಿಂಗ್‌ಗೆ ಹಾಕಿದ್ದರು. ಫೋನಲ್ಲಿ ನನಗೆ ಮುಂದೆ ಮಾತು ಬರಲಿಲ್ಲ. ಆಮೇಲೆ ಮಾಡ್ತೀನಿ ಅಂತ ಇಟ್ಟೆ.

ಅವತ್ತು ರಾತ್ರಿ ಅಮ್ಮನ ಫೋನ್.

"ಯಾಕ್ಲಾ ಮಗ, ದನಿ ಸಪ್ಪುಗೈತಲ್ಲ?"

ಹೇಳಿದೆ. ಎಸ್‌ಪಿಐ ಎಲ್ಲಾ ಬಿಟ್ಟು, ಒಬ್ಬರ ಮೇಲೆ ಸುಮ್ಮನೆ ತಪ್ಪು ಹಾಕಿದೆ ಅಂತಷ್ಟೇ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನಾನು ಮರೆತೇಬಿಟ್ಟಿದ್ದ ಒಂದು ವಿಷಯ ತೆಗೆದಳು. ನಾನು ಏಳನೇ ಕ್ಲಾಸಲ್ಲಿದ್ದಾಗ ಒಂದು ದಿನ ಡೈರಿಯಲ್ಲಿ ಲ್ಯಾಕ್ಟೋಮೀಟರ್ ಇಳಿಬಿಟ್ಟು, ಸಾಲಲ್ಲಿ ನಿಂತವರೆಲ್ಲರ ಮುಂದೆ "ನಿಮ್ ಹಾಲಿಗೆ ನೀರು ಬಿದ್ದೈತೆ" ಅಂದಿದ್ದರಂತೆ. ಕರೆದ ಬಿಸಿ ಆರದ ಹಾಲಿಗೆ ಲ್ಯಾಕ್ಟೋಮೀಟರ್ ಹಾಕಿದರೆ ಅದು ಕಮ್ಮಿನೇ ತೋರಿಸುತ್ತೆ, ಅಷ್ಟು ಲೆಕ್ಕ ಹಾಕಬೇಕು. ಎರಡು ದಿನ ಆದ ಮೇಲೆ ಅವರಿಗೂ ಅದು ಗೊತ್ತಾಗಿ ಹಾಲು ತಗೊಂಡರಂತೆ.

"ತಗಂಡ್ರು ಕಣ್ಲಾ. ಆದ್ರೆ ಆವತ್ತು ಸಾಲಲ್ಲಿ ನಿಂತಿದ್ರಲ್ಲ, ಅವ್ರಿಗ್ ಯಾರೂ ಏಳ್ಲಿಲ್ಲ."

ನಾನು ನಾಳೆ ಆ ಅಕ್ಕನಿಗೆ ಫೋನ್ ಮಾಡ್ತೀನಿ ಅಂದೆ. "ಫೋನಲ್ ಬ್ಯಾಡ, ಓಗ್ಬುಟ್ ಬಾ" ಅಂದಳು. ಅಲ್ಲಿಂದ ಶನಿವಾರದವರೆಗೆ ನಾನು ಕಂಡುಹಿಡಿದ ನೆಪಗಳ ಪಟ್ಟಿ ಇಲ್ಲಿ ಬೇಡ.

ಶನಿವಾರ ಹೋದಾಗ ಅಕ್ಕ ಬಬಲ್ ಶೀಟ್ ಕತ್ತರಿಸ್ತಾ ಕೂತಿದ್ದರು. ತಪ್ಪು ನನ್ನದು, ಒಂದು ಸಾಲು ಬಿಟ್ಟುಹೋಗಿತ್ತು, ನೀವು ಬರೆದುಕೊಟ್ಟಿದ್ದನ್ನ ನೋಡಿಯೇ ಸಿಕ್ಕಿದ್ದು ಅಂತ ಹೇಳಿದೆ. ಅವರು ಕತ್ತರಿ ಕೆಳಗಿಟ್ಟರು.

"ಹಾಗಾದ್ರೆ ನನ್ ಸೋಲ್ಡರಿಂಗ್ ಸರಿ ಇತ್ತಲ್ವಾ ಸರ್?"

"ಸರಿ ಇತ್ತು ಅಕ್ಕ. ಹತ್ತಕ್ಕೆ ಹತ್ತೂ."

"ಅದನ್ನ ಅಲ್ಲಿ ಹೇಳಿ ಸರ್." ಯಜಮಾನರ ಕ್ಯಾಬಿನ್ ಕಡೆ ತೋರಿಸಿದರು.

ಹೋಗಿ ಹೇಳಿದೆ. ಬೆಂಚಿನಲ್ಲಿದ್ದ ನಾಲ್ಕೈದು ಜನಕ್ಕೂ ಕೇಳಿಸಲಿ ಅಂತ ಕ್ಯಾಬಿನ್ ಬಾಗಿಲಲ್ಲೇ ನಿಂತು ಹೇಳಿದೆ. ಯಜಮಾನರು ನಕ್ಕು, "ಅಯ್ಯೋ ಬಿಡಿ ಸರ್, ಇವೆಲ್ಲಾ ಆಗ್ತಿರುತ್ತೆ, ಮುಂದಿನ ಲಾಟ್‌ಗೆ ಅವರನ್ನೇ ವಾಪಸ್ ಹಾಕ್ತೀನಿ" ಅಂದರು. ಅವರಿಗೆ ಅದು ದೊಡ್ಡ ವಿಷಯ ಆಗಿರಲಿಲ್ಲ. ಮುಂದಿನ ಲಾಟ್ ಆರ್ಡರ್ ಹಾಕೋ ಮೇಲ್ ನನ್ನ ಕೈಯಿಂದಲೇ ಹೋಗಬೇಕು, ಅದರಲ್ಲಿ ಇನ್‌ಸ್ಪೆಕ್ಷನ್ ಯಾರು ಮಾಡಬೇಕು ಅಂತ ಒಂದು ಸಾಲು ಬರೆಯೋದಿದೆ. ಈ ಸಾಲು ಬಿಡಲ್ಲ.

ಅಂದ ಹಾಗೆ, ಪ್ಯಾಡ್ ಕಿತ್ತಿದ್ದ ಬೋರ್ಡ್ ಅಲ್ಲೇ ಉಳಿದಿತ್ತು. ಕೂದಲೆಳೆಯಷ್ಟು ಸಣ್ಣ ತಂತಿ ಎಳೆದು ಅಕ್ಕ ಆವತ್ತೇ ಅದನ್ನ ರಿಪೇರಿ ಮಾಡಿಟ್ಟಿದ್ದರಂತೆ. ಲ್ಯಾಪ್‌ಟಾಪ್ ತೆಗೆದು ಅವರ ಎದುರಿಗೇ ಬೂಟ್ ಮಾಡಿದೆ, ಓದ್ತು. ಪರದೆಯ ಮೇಲಿನ ಇಂಗ್ಲಿಷ್ ಸಾಲುಗಳನ್ನ ಒಂದು ಕ್ಷಣ ನೋಡಿ ತಲೆಯಾಡಿಸಿದರು.

ಹೊರಡುವಾಗ ಹಿಂದಿನಿಂದ ಕರೆದರು. "ಸರ್, ಆ ಚಲನ್ ಇದ್ರೆ ವಾಪಸ್ ಕೊಡಿ. ಹಿಂದ್ಗಡೆ ಬರ್ದಿದ್ದು ನಿಮ್ಗೆ, ಮುಂದ್ಗಡೆದು ಆಫೀಸ್ ಫೈಲಿಗೆ ಬೇಕು."

ಬ್ಯಾಗಲ್ಲೇ ಇತ್ತು. ಹಿಂದಿನ ಬದಿಯದೊಂದು ಫೋಟೋ ತೆಗೆದುಕೊಂಡು ಕೊಟ್ಟೆ.